ಗೇಮಿನೊಳಗೆ ಯಾರು ಯಾರನ್ನು ಮದುವೆಯಾಗಬಹುದು?

ಸ್ಟಾರ್‌ಡ್ಯೂ ವ್ಯಾಲಿ ಗೇಮಿನಲ್ಲಿ ಹೇಲಿ ಎಂಬ ಹುಡುಗಿಯನ್ನು ಒಲಿಸಿಕೊಳ್ಳಲು ಜಾತಕ ಕೂಡಬೇಕಿಲ್ಲ, ತೆಂಗಿನಕಾಯಿ ಸಿಕ್ಕರೆ ಸಾಕು. ಅದು ಅವಳಿಗೆ ಪಂಚಪ್ರಾಣ. ಒಂದು ಕಾಯಿ ಕೊಟ್ಟರೆ 80 ಅಂಕ, ಸುಮ್ಮನೆ ಮಾತಾಡಿಸಿದರೆ 20. ವಾರಕ್ಕೆ ಎರಡು ಉಡುಗೊರೆ ಕೊಡಬಹುದು. ಹುಟ್ಟುಹಬ್ಬದ ದಿನ ಕೊಟ್ಟಿದ್ದಕ್ಕೆ ಎಂಟು ಪಟ್ಟು ಅಂಕ. 250 ಅಂಕಕ್ಕೆ ಒಂದು ಹೃದಯ ತುಂಬುತ್ತದೆ. ಎಂಟು ಹೃದಯ ತುಂಬಿದ ಮೇಲೆ ಪಿಯರ್‌ನ ಅಂಗಡಿಯಲ್ಲಿ 200 ನಾಣ್ಯಕ್ಕೆ ಹೂಗುಚ್ಛ ಕೊಂಡು ಕೊಡಬೇಕು. ಹತ್ತು ತುಂಬಿದ ಮೇಲೆ, ಮಳೆ ಸುರಿಯುವ ದಿನವಷ್ಟೇ ಕಡಲತೀರಕ್ಕೆ ಬರುವ ಮುದಿ ನಾವಿಕನ ಕೈಗೆ 5,000 ನಾಣ್ಯ ಇಟ್ಟು ಪದಕವೊಂದನ್ನು ತರಬೇಕು. ಅದನ್ನು ಕೊಟ್ಟ ಕೆಲವೇ ದಿನಗಳಲ್ಲಿ ಮದುವೆ.

ಇಷ್ಟು ಲೆಕ್ಕದಲ್ಲಿ ಆಡುವವರ ಪಾತ್ರ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಎಲ್ಲೂ ಬರಲಿಲ್ಲ. ಆ ಊರಿನಲ್ಲಿ ಮದುವೆಗೆ ಒಪ್ಪುವವರು ಆರು ಗಂಡು, ಆರು ಹೆಣ್ಣು. ಹನ್ನೆರಡು ಮಂದಿಗೂ ನಿಯಮ ಒಂದೇ. ಮಕ್ಕಳ ಮಾತು ಬಂದಾಗ ಕೋಡ್ ಲಿಂಗ ನೋಡುತ್ತದೆ: ಗಂಡು ಹೆಣ್ಣಿನ ಜೋಡಿಯಾದರೆ ಬಸಿರು, ಒಂದೇ ಲಿಂಗದ ಜೋಡಿಯಾದರೆ ದತ್ತು. ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದ ಗೇಮ್ ಇದು.

"ಗೇಮಿನಲ್ಲೂ ಸಲಿಂಗ ಪ್ರೇಮ ಯಾಕೆ ತುರುಕ್ತೀರಿ?" ಎಂಬ ಜಗಳ ಶುರುವಾಗಿ ದಶಕಗಳೇ ಆದವು. ಜಗಳಕ್ಕಿಳಿದವರಲ್ಲಿ ಬಹಳ ಮಂದಿ ಇದನ್ನು ಆಮೇಲೆ ಅಂಟಿಸಿದ ಬಾಲ ಎಂದೇ ತಿಳಿದಿರುತ್ತಾರೆ. ಒಳಗಿನ ವ್ಯವಸ್ಥೆ ನೋಡಿದರೆ ಕಥೆ ತಿರುಗುಮುರುಗು. ಸಂಬಂಧವೆಂದರೆ ಗೇಮಿಗೆ ಒಂದು ಸಂಖ್ಯೆ. ಅದು ಇಂತಿಷ್ಟಾದಾಗ ತೆರೆದುಕೊಳ್ಳುವ ಒಂದಷ್ಟು ಮಾತು, ಒಂದಷ್ಟು ದೃಶ್ಯ. ಲಿಂಗದ ವಿಚಾರಣೆ ತಾನಾಗಿ ನಡೆಯುವುದಿಲ್ಲ. ಯಾರೋ ಕೂತು ಒಂದು ಷರತ್ತು ಬರೆದು ಸೇರಿಸಿದರೆ ಮಾತ್ರ ನಡೆಯುತ್ತದೆ.

2004ರಲ್ಲಿ ಬ್ರಿಟನ್ನಿನಿಂದ ಬಂದ ಫೇಬಲ್ ಇದಕ್ಕೆ ನೇರ ಸಾಕ್ಷಿ. ಅದರಲ್ಲಿ ಪ್ರತಿ ಹಳ್ಳಿಗನಿಗೂ ನಾಯಕನ ಮೇಲೆ ಎಷ್ಟು ಸೆಳೆತವಿದೆ ಎಂಬ ಒಂದು ಅಳತೆ ಇತ್ತು. ನಾಯಕ ಗಂಡಸು, ಊರಿನ ಗಂಡಸರೂ ಅವನಿಗೆ ಮನಸೋಲುತ್ತಿದ್ದರು. ತಯಾರಕರಲ್ಲಿ ಒಬ್ಬನಾದ ಡೀನ್ ಕಾರ್ಟರ್ ಮುಂದೆ ಕೊಟ್ಟ ವಿವರಣೆಯಲ್ಲಿ ಕ್ರಾಂತಿಯ ಮಾತೇನೂ ಇರಲಿಲ್ಲ. ಗಂಡಸರನ್ನು ಹೊರಗಿಡಬೇಕಿದ್ದರೆ ಅದಕ್ಕೆಂದೇ ಬೇರೆ ಕೋಡ್ ಬರೆಯಬೇಕಿತ್ತು, ಅದು ದಂಡದ ಕೆಲಸವೆನಿಸಿತು, ಅಷ್ಟೇ. ಸೋಮಾರಿತನದಿಂದ ಬಂದ ಸಮಾನತೆ ಎನ್ನಬಹುದು. ಬಂದ ದಾರಿ ಯಾವುದಾದರೇನು, ಬಂತಲ್ಲ.

ಅದಕ್ಕೂ ಮುಂಚಿನ ಪ್ರಸಂಗ ಇನ್ನೂ ಸ್ವಾರಸ್ಯದ್ದು. ದಿ ಸಿಮ್ಸ್ ತಯಾರಾಗುತ್ತಿದ್ದ ಕಾಲದಲ್ಲಿ ಸಲಿಂಗ ಸಂಬಂಧ ಬೇಡವೆಂದು ತಂಡ ತೀರ್ಮಾನಿಸಿತ್ತು. ಹೊಸದಾಗಿ ಸೇರಿದ ಪ್ರೋಗ್ರಾಮರ್ ಪ್ಯಾಟ್ರಿಕ್ ಬ್ಯಾರೆಟ್ ಕೈಗೆ ಬಂದದ್ದು ಆ ತೀರ್ಮಾನಕ್ಕಿಂತ ಹಳೆಯ ಕಡತ. ಅದರಲ್ಲಿ ಇದ್ದಂತೆ ಆತ ಬರೆದುಬಿಟ್ಟ. 1999ರಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಗೇಮಿನ ಒಂದು ಮದುವೆ ದೃಶ್ಯ ತೋರಿಸುತ್ತಿದ್ದರು. ವಧೂವರರ ನಡೆಯನ್ನೇನೋ ಮೊದಲೇ ಗೊತ್ತುಮಾಡಿದ್ದರು. ನೆರೆದ ಅತಿಥಿಗಳೆಲ್ಲರಿಗೂ ಹಾಗೆ ಮಾಡಲು ಸಮಯವಿರಲಿಲ್ಲ, ಅವರನ್ನು ಅವರ ಪಾಡಿಗೆ ಬಿಟ್ಟಿದ್ದರು. ಎಲ್ಲರೂ ನೋಡುತ್ತಿದ್ದಂತೆ ಅತಿಥಿಗಳ ಪೈಕಿ ಇಬ್ಬರು ಹೆಂಗಸರು ಪರಸ್ಪರ ಚುಂಬಿಸಿದರು. ಅದನ್ನು ಹಾಗೇ ಆಗಬೇಕೆಂದು ಯಾರೂ ಬರೆದಿರಲಿಲ್ಲ. ಅಂಕ ಏರಿತ್ತು, ತಡೆಯುವ ಷರತ್ತು ಇರಲಿಲ್ಲ. ಮೇಳದಲ್ಲಿ ಅದೇ ಮಾತಾಯಿತು. 2000ದಲ್ಲಿ ಗೇಮ್ ಹೊರಬಂದಾಗ ಆ ಅವಕಾಶ ಅದರಲ್ಲಿ ಉಳಿದಿತ್ತು. ಅಂದಹಾಗೆ ಸಲಿಂಗ ಮದುವೆ ಅದಕ್ಕೂ ಮೊದಲೇ, 1998ರ ಫಾಲ್‌ಔಟ್ 2ರಲ್ಲಿ ಆಗಿಹೋಗಿತ್ತು: ಮೊಡಾಕ್ ಎಂಬ ಊರಿನಲ್ಲಿ ಅಪ್ಪ ಬಂದೂಕು ಹಿಡಿದು ಮಾಡಿಸುವ ಮದುವೆ. ಸಿಕ್ಕಿಬಿದ್ದದ್ದು ಮಗಳ ಜೊತೆಗೋ ಮಗನ ಜೊತೆಗೋ ಎಂದು ಅಪ್ಪ ಭೇದ ಮಾಡುವುದಿಲ್ಲ.

ಷರತ್ತು ಎಲ್ಲಿ ಕೂರುತ್ತದೆ

ಷರತ್ತು ಬರೆಯುವ ಗೇಮುಗಳಲ್ಲೂ ಅದು ಎಲ್ಲಿ ಕೂತಿದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಸೈಬರ್‌ಪಂಕ್ 2077ರಲ್ಲಿ ಜೂಡಿ ಎಂಬ ಪಾತ್ರ ಹೆಂಗಸರನ್ನಷ್ಟೇ ಪ್ರೀತಿಸುತ್ತಾಳೆ. ಆ ಗೇಮಿನಲ್ಲಿ ನಿಮ್ಮ ಪಾತ್ರದ ದೇಹವನ್ನೂ ದನಿಯನ್ನೂ ಬೇರೆಬೇರೆಯಾಗಿ ಆರಿಸಬಹುದು. ಜೂಡಿಯ ವಿಷಯದಲ್ಲಿ ಎರಡೂ ಹೆಣ್ಣಿನದ್ದಾಗಿರಬೇಕು. ಪನಾಮ್ ಎಂಬವಳಿಗೆ ದೇಹ ಗಂಡಸಿನದ್ದಾದರೆ ಸಾಕು, ದನಿ ಯಾವುದಾದರೂ ನಡೆಯುತ್ತದೆ. ಇಲ್ಲಿ ಷರತ್ತು ಇರುವುದು ಪಾತ್ರದ ಸ್ವಭಾವದಲ್ಲಿ. ಅವಳಿಗೆ ನೀವು ಇಷ್ಟವಿಲ್ಲ, ಮುಗಿಯಿತು. ಹಾಗೆ ಹೇಳುವ ಹಕ್ಕು ಕಥೆಯ ಪಾತ್ರಕ್ಕೂ ಇರಲಿ.

ಷರತ್ತನ್ನು ಒಬ್ಬರ ಸ್ವಭಾವದ ಬದಲು ಇಡೀ ಲೋಕದ ಕಾನೂನನ್ನಾಗಿ ಮಾಡಿದಾಗ ಏನಾಗುತ್ತದೆ ಎಂಬುದನ್ನು ನಿಂಟೆಂಡೊ 2014ರಲ್ಲಿ ಕಲಿಯಿತು. ಟೊಮೊಡಾಚಿ ಲೈಫ್ ಗೇಮಿನಲ್ಲಿ ಕಲ್ಪಿತ ಪಾತ್ರಗಳಿಲ್ಲ. ನಿಮ್ಮ ಮುಖ, ನಿಮ್ಮ ಅಮ್ಮನ ಮುಖ, ಗೆಳೆಯನ ಮುಖ ಬರೆದು 'ಮೀ' ಎಂಬ ಪುಟ್ಟ ಬೊಂಬೆಗಳನ್ನು ಮಾಡಿ ಒಂದು ದ್ವೀಪದಲ್ಲಿ ಬಿಡುತ್ತೀರಿ. ಅವು ಜಗಳವಾಡುತ್ತವೆ, ಹಾಡುತ್ತವೆ, ಪ್ರೀತಿಸಿ ಮದುವೆಯಾಗುತ್ತವೆ. ಅಮೆರಿಕದ ಒಬ್ಬ ಯುವಕ ತನ್ನನ್ನೂ ತಾನು ಮದುವೆಯಾಗಲಿದ್ದ ಹುಡುಗನನ್ನೂ ಆ ದ್ವೀಪದಲ್ಲಿ ಬಿಡಬಹುದಿತ್ತು, ಜೋಡಿ ಮಾಡುವಂತಿರಲಿಲ್ಲ. ಇಬ್ಬರಲ್ಲಿ ಒಬ್ಬನನ್ನು ಹೆಣ್ಣೆಂದು ನಮೂದಿಸಬೇಕು, ಇಲ್ಲವೇ ಮದುವೆಯ ಆಸೆ ಬಿಡಬೇಕು. ಅವನು ಶುರುಮಾಡಿದ ಅಭಿಯಾನ ಸುದ್ದಿಯಾಯಿತು.

ಕಂಪನಿಯ ಮೊದಲ ಉತ್ತರ ಹೀಗಿತ್ತು: ಇದೊಂದು ತಮಾಷೆಯ ಬೇರೆಯೇ ಲೋಕ, ಸಮಾಜದ ಬಗ್ಗೆ ಟೀಕೆ ಟಿಪ್ಪಣಿ ಮಾಡುವ ಉದ್ದೇಶ ನಮಗಿಲ್ಲ. ಸಿಟ್ಟು ಇದರಿಂದ ಇನ್ನೂ ಹೆಚ್ಚಿತು, ಹೆಚ್ಚಬೇಕಾದದ್ದೇ. ಸಲಿಂಗ ಜೋಡಿ ಇದ್ದರೆ ಅದು ಟೀಕೆ, ಇಲ್ಲದಿದ್ದರೆ ಅದು ತಟಸ್ಥ ಎಂಬ ನಂಬಿಕೆ ಆ ಉತ್ತರದ ಒಳಗೆ ಅಡಗಿತ್ತು. ಪೂರ್ವಗ್ರಹ ಬೈಗುಳದ ರೂಪದಲ್ಲಿ ಬಂದರೆ ಗುರುತಿಸುವುದು ಸುಲಭ. ಹೀಗೆ ನಯವಾಗಿ, ಯಾರಿಗೂ ಕೇಡು ಬಯಸದ ದನಿಯಲ್ಲಿ ಬಂದಾಗ ಕಷ್ಟ. ಕೆಲವೇ ದಿನಗಳಲ್ಲಿ ನಿಂಟೆಂಡೊ ಕ್ಷಮೆ ಕೇಳಿತು. ಗೇಮಿನ ವಿನ್ಯಾಸ ಮುಗಿದಿದೆ, ಪ್ಯಾಚ್ ಹಾಕಿ ಸರಿಪಡಿಸಲು ಬರುವುದಿಲ್ಲ, ಮುಂದಿನ ಭಾಗ ಮಾಡಿದರೆ ಎಲ್ಲರನ್ನೂ ಒಳಗೊಳ್ಳುವಂತೆ ಮೊದಲಿನಿಂದಲೇ ಯೋಚಿಸುತ್ತೇವೆ ಎಂದಿತು. ಮುಂದಿನ ಭಾಗದ ಘೋಷಣೆಗೆ 2025 ಬರಬೇಕಾಯಿತು.

ಪ್ಯಾಚ್ ಆಗದು ಎಂಬ ಮಾತು ಬರೀ ನೆಪವಾಗಿರಲಿಕ್ಕಿಲ್ಲ. ಒಂದು ಷರತ್ತಿನ ಮೇಲೆ ಎಷ್ಟೋ ಸಂಗತಿಗಳು ಹೆಣೆದುಕೊಂಡಿರುತ್ತವೆ: ಸಂಭಾಷಣೆ, ಮದುವೆಯ ಉಡುಗೆ, ಇಬ್ಬರ ಮುಖಲಕ್ಷಣ ಬೆರೆಸಿ ಮಗುವಿನ ಮುಖ ಮಾಡುವ ಲೆಕ್ಕ. ಆದ್ದರಿಂದಲೇ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಂಡ ಗೇಮಿಗೆ ಖರ್ಚು ಕಡಿಮೆ, ಕೊನೆಗೆ ಕೇಳಿಕೊಂಡದ್ದಕ್ಕೆ ಹೆಚ್ಚು. ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್ ಕೊನೆಗೆ ಕೇಳಿಕೊಂಡ ಪೈಕಿ. 2011ರ ಕೊನೆಯಲ್ಲಿ ಶುರುವಾದ ಆ ಆನ್‌ಲೈನ್ ಗೇಮಿನಲ್ಲಿ ಸಲಿಂಗ ಪ್ರೇಮದ ಮಾತುಗಳು ಬಂದದ್ದು 2013ರಲ್ಲಿ, ಅದೂ ದುಡ್ಡು ಕೊಟ್ಟು ಪಡೆಯಬೇಕಾದ ವಿಸ್ತರಣೆಯಲ್ಲಿ, ಮಾಕೆಬ್ ಎಂಬ ಒಂದೇ ಗ್ರಹದಲ್ಲಿ. ಊರಾಚೆ ಕೇರಿ ಕಟ್ಟಿಕೊಟ್ಟ ಹಾಗಾಯಿತು. ಆಟಗಾರರು ಆಡಿಕೊಂಡು ನಕ್ಕರು.

ಎಲ್ಲರಿಗೂ ಒಲಿಯುವವರು, ಒಬ್ಬನೇ ಒಬ್ಬ ಡೋರಿಯನ್

ಇಲ್ಲಿಯವರೆಗಿನದ್ದು ಕೋಡಿನ ಮಾತು. ದೊಡ್ಡ ಬಜೆಟ್ಟಿನ ಗೇಮುಗಳಲ್ಲಿ ಖರ್ಚು ಬೀಳುವುದು ಬೇರೆ ಕಡೆ. ಒಂದು ಪ್ರೇಮಕಥೆಗೆ ಬರಹಗಾರರು ಬೇಕು, ದನಿ ಕೊಡುವ ಕಲಾವಿದರು ಬೇಕು, ನಟರ ಮೈಚಲನೆ ದಾಖಲಿಸಿಕೊಳ್ಳಬೇಕು. ಹಾಗಾಗಿ ಕೆನಡಾದ ಬಯೋವೇರ್ 2011ರ ಡ್ರ್ಯಾಗನ್ ಏಜ್ 2ರಲ್ಲಿ ಒಂದು ಉಪಾಯ ಮಾಡಿತು. ಆ್ಯಂಡರ್ಸ್, ಫೆನ್ರಿಸ್, ಮೆರಿಲ್, ಇಸಬೆಲಾ, ಈ ನಾಲ್ವರೂ ಆಟಗಾರ ಗಂಡಾಗಲಿ ಹೆಣ್ಣಾಗಲಿ ಒಲಿಯುತ್ತಾರೆ. ಬರೆದದ್ದು ಒಮ್ಮೆ, ಬಳಕೆ ಇಬ್ಬರಿಗೂ.

ಆದರೆ ಎಲ್ಲರಿಗೂ ಒಲಿಯುವ ಪಾತ್ರಕ್ಕೆ ತನ್ನದೇ ಆದ ಒಳತೋಟಿ ಇರುವುದಿಲ್ಲ ಎಂಬ ಆಕ್ಷೇಪ ಸಲಿಂಗಿ ಆಟಗಾರರಿಂದಲೂ ಬಂತು. ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟ, ಹೇಳಿಕೊಂಡ ಮೇಲಿನ ರಾದ್ಧಾಂತ, ಇವಕ್ಕೆ ಅಲ್ಲಿ ಜಾಗವಿಲ್ಲ. ನನಗೂ ಈ ಆಕ್ಷೇಪ ಒಪ್ಪಿಗೆ. ಅದಕ್ಕೆ ಉತ್ತರದಂತೆ ಬಂದವನು 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್‌ನ ಡೋರಿಯನ್. ಅವನನ್ನು ಬರೆದ ಡೇವಿಡ್ ಗೈಡರ್ ಸ್ವತಃ ಸಲಿಂಗಿ.

ಡೋರಿಯನ್ ಮಂತ್ರವಾದಿಗಳ ದೊಡ್ಡ ಮನೆತನದ ಒಬ್ಬನೇ ಮಗ, ಗಂಡಸರನ್ನು ಪ್ರೀತಿಸುವವನು. ವಂಶ ಮುಂದುವರಿಯಬೇಕು, ತಕ್ಕ ಮನೆತನದ ಹುಡುಗಿಯನ್ನು ನೋಡಿಟ್ಟಿದ್ದಾರೆ. ಒಳಗೊಳಗೆ ನೀನು ಏನಾದರೂ ಮಾಡಿಕೋ, ಹೊರಗೆ ಮಾತ್ರ ಗೃಹಸ್ಥನಾಗಿ ಕಾಣಿಸಿಕೋ ಎಂಬುದು ಆ ಸಮಾಜದ ರಾಜಿಸೂತ್ರ. ಮಗ ಒಪ್ಪುವುದಿಲ್ಲ. ಆಗ ಅಪ್ಪ ರಕ್ತಮಂತ್ರ ಪ್ರಯೋಗಿಸಿ ಮಗನ ಮನಸ್ಸನ್ನೇ ಬದಲಿಸಲು ಹೊರಡುತ್ತಾನೆ. ಮಗ ಮನೆ ಬಿಡುತ್ತಾನೆ. ಎಷ್ಟೋ ಕಾಲದ ನಂತರ ರೆಡ್‌ಕ್ಲಿಫ್‌ನ ಒಂದು ಹೆಂಡದಂಗಡಿಯಲ್ಲಿ ಅಪ್ಪ ಮಗ ಎದುರಾಗುತ್ತಾರೆ. ಪಕ್ಕದಲ್ಲಿ ನಿಂತ ನೀವು, ಅಂದರೆ ಆಟಗಾರ, ಅವನನ್ನು ಅಪ್ಪನ ಮಾತು ಕೇಳಲು ನಿಲ್ಲಿಸಬಹುದು, ಇಲ್ಲವೇ ಕರೆದುಕೊಂಡು ಹೊರಟುಬಿಡಬಹುದು. ಡ್ರ್ಯಾಗನ್‌ಗಳ ಲೋಕದ ಕಥೆ ನಿಜ, ಆದರೆ "ಒಂದು ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ" ಎಂಬ ಮಾತು ಕೇಳಿ ಬೆಳೆದ ನಮ್ಮೂರಿನ ಹುಡುಗರಿಗೆ ಆ ದೃಶ್ಯದಲ್ಲಿ ಅಪರಿಚಿತವಾದದ್ದು ರಕ್ತಮಂತ್ರ ಮಾತ್ರ.

ಆ ಗೇಮ್ ಬಂದಾಗ ನಮ್ಮಲ್ಲಿ ಮಾರಾಟವಾಗಲಿಲ್ಲ. ಬಿಡುಗಡೆಯಾಗಬೇಕಿದ್ದ 2014ರ ನವೆಂಬರಿನಲ್ಲೇ ಪ್ರಕಾಶಕರಾದ ಇಎ ಕಂಪನಿ ಅದನ್ನು ಭಾರತದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಮುಂಗಡ ಕೊಟ್ಟವರಿಗೆ ಹಣ ವಾಪಸ್. ಸ್ಥಳೀಯ ಅಶ್ಲೀಲತೆ ಕಾನೂನಿನ ಉಲ್ಲಂಘನೆ ಆಗದಿರಲೆಂದು ಈ ಕ್ರಮ ಎಂದಷ್ಟೇ ಹೇಳಿತು. ಯಾವ ದೃಶ್ಯ, ಯಾವ ಕಲಂ ಎಂದು ಹೇಳಲಿಲ್ಲ. ಅದರ ಹಿಂದಿನ ಡಿಸೆಂಬರಿನಲ್ಲಷ್ಟೇ ಸಲಿಂಗ ಲೈಂಗಿಕ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿಗೆ ಸುಪ್ರೀಂ ಕೋರ್ಟ್ ಮರುಜೀವ ಕೊಟ್ಟಿತ್ತು. ಹಾಗಾಗಿ ಡೋರಿಯನ್ನೇ ಕಾರಣವಿರಬೇಕೆಂದು ಎಲ್ಲರೂ ಊಹಿಸಿದರು. ಗೇಮಿನಲ್ಲಿ ಬರಿಮೈ ದೃಶ್ಯಗಳೂ ಇದ್ದವು, ಅದೂ ಕಾರಣವಾಗಿರಬಹುದು. ಒಂದು ಮಾತು ಮಾತ್ರ ನೆನಪಿಡಬೇಕು: 377 ಕೃತ್ಯವನ್ನು ಶಿಕ್ಷಿಸುತ್ತಿದ್ದ ಕಲಂ, ಕಥೆ ಹೇಳುವುದನ್ನಲ್ಲ. ಮತ್ತು ಇದು ಸರ್ಕಾರದ ನಿಷೇಧವಲ್ಲ. ಸಿನಿಮಾಕ್ಕಿರುವಂಥ ಸೆನ್ಸಾರ್ ಮಂಡಳಿ ನಮ್ಮಲ್ಲಿ ಗೇಮುಗಳಿಗೆ ಇಲ್ಲವೇ ಇಲ್ಲ. ಕಂಪನಿಯೊಂದು ತಾನೇ ಅಳೆದು ಸುರಿದು, ಈ ಮಾರುಕಟ್ಟೆಗಾಗಿ ಇಷ್ಟು ತಲೆನೋವು ಬೇಡವೆಂದು ಕೈತೊಳೆದುಕೊಂಡ ಹಾಗೆ ನನಗೆ ಕಾಣುತ್ತದೆ.

ಗಡಿ ದಾಟುವಾಗ ಇಂಥ ಅಳತೆ ಎಲ್ಲ ಕಡೆ ನಡೆಯುತ್ತದೆ. ಸಿಂಗಾಪುರ 2007ರ ನವೆಂಬರಿನಲ್ಲಿ ಮಾಸ್ ಎಫೆಕ್ಟ್ ಗೇಮನ್ನು ಒಬ್ಬ ಹೆಂಗಸು ಹಾಗೂ ಹೆಣ್ಣುರೂಪದ ಅನ್ಯಗ್ರಹ ಜೀವಿಯ ಒಂದು ದೃಶ್ಯಕ್ಕಾಗಿ ನಿಷೇಧಿಸಿ, ಕೆಲವೇ ದಿನದಲ್ಲಿ 18 ದಾಟಿದವರಿಗೆ ಎಂಬ ಚೀಟಿ ಅಂಟಿಸಿ ಬಿಟ್ಟುಕೊಟ್ಟಿತು. ರಷ್ಯಾದಲ್ಲಿ, ಮಕ್ಕಳ ಮುಂದೆ ಸಲಿಂಗ ಸಂಬಂಧದ 'ಪ್ರಚಾರ' ಕೂಡದೆನ್ನುವ 2013ರ ಕಾನೂನಿನ ನೆರಳಿನಲ್ಲಿ, ದಿ ಸಿಮ್ಸ್ 4ಕ್ಕೆ 18ರ ಮೇಲಿನವರಿಗೆ ಮಾತ್ರ ಎಂಬ ಗುರುತು ಬಿತ್ತು. ಯುರೋಪಿನ ಪೆಗಿ ಸಂಸ್ಥೆ ಅದೇ ಗೇಮಿಗೆ ಕೊಟ್ಟದ್ದು 12. 2022ರಲ್ಲಿ ಅದೇ ಸಿಮ್ಸ್‌ನ ಮದುವೆ ಪ್ಯಾಕ್ ಬಂದಾಗ ಪ್ರಚಾರಚಿತ್ರದಲ್ಲಿ ಇಬ್ಬರು ಹುಡುಗಿಯರ ಮದುವೆ ಇತ್ತು. ರಷ್ಯಾದಲ್ಲಿ ಬಿಡುಗಡೆ ಮಾಡುವುದಿಲ್ಲ ಎಂದು ಕಂಪನಿ ಮೊದಲು ಪ್ರಕಟಿಸಿತು. ಅಲ್ಲಿನ ಆಟಗಾರರೇ ನಮಗೂ ಬೇಕೆಂದು ಗದ್ದಲ ಎಬ್ಬಿಸಿದರು. ದಿನಾಂಕ ಮುಂದೆ ಹಾಕಿ, ಏನನ್ನೂ ಕತ್ತರಿಸದೆ ಅಲ್ಲಿಯೂ ಬಿಡುಗಡೆ ಮಾಡಿದರು. "ಆ ದೇಶದ ಸಂಸ್ಕೃತಿಗೆ ಒಗ್ಗುವುದಿಲ್ಲ" ಎಂದು ಹೇಳುವವರು ಆ ದೇಶದವರ ಪರವಾಗಿ ಮಾತಾಡುತ್ತಿದ್ದಾರೆಂದು ನಂಬುವ ಮುಂಚೆ ಈ ಪ್ರಸಂಗ ನೆನೆಯಬೇಕು.

ವಾದಕ್ಕೆ ಕೂತಾಗ

"ಬಲವಂತವಾಗಿ ಹೇರುತ್ತಿದ್ದಾರೆ" ಎಂಬುದೇ ಹೆಚ್ಚಾಗಿ ಕೇಳುವ ದೂರು. ಇದನ್ನು ಪರೀಕ್ಷಿಸುವುದು ಸುಲಭ: ನೀವು ಏನೂ ಮಾಡದಿದ್ದರೆ ಏನಾದರೂ ಆಗುತ್ತದೆಯೇ? ಸ್ಕೈರಿಮ್ ಗೇಮಿನಲ್ಲಿ ಮಾರಾ ದೇವತೆಯ ತಾಯಿತವನ್ನು ನೀವೇ ಕೊರಳಿಗೆ ಹಾಕಿಕೊಂಡು ಓಡಾಡುವವರೆಗೆ ಮದುವೆಯ ಮಾತೇ ಏಳುವುದಿಲ್ಲ. ಇಂಥ ಕಡೆ ಹೇರಿಕೆಯ ದೂರು ನಿಲ್ಲದು. ಅಲ್ಲಿನ ತಕರಾರು ಬೇರೆಯವರ ಆಯ್ಕೆಯ ಮೇಲೆ.

ಡ್ರ್ಯಾಗನ್ ಏಜ್ 2ರ ಕಥೆ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಆ್ಯಂಡರ್ಸ್ ತಾನಾಗಿ ಬಂದು ನಾಯಕನಿಗೆ ಗಾಳ ಹಾಕುತ್ತಾನೆ, ಒಲ್ಲೆ ಎಂದರೆ ಮುನಿಸಿಕೊಳ್ಳುತ್ತಾನೆ, ಆ ಮುನಿಸು ಅಂಕದಲ್ಲೂ ದಾಖಲಾಗುತ್ತದೆ. ಗಂಡಸು ಆಟಗಾರನೊಬ್ಬ, ಗೇಮ್ ಕೊಳ್ಳುವವರಲ್ಲಿ ಹೆಚ್ಚಿನವರು ನಾವು, ನಮ್ಮನ್ನೇ ಕಡೆಗಣಿಸಿದಿರಿ ಎಂದು ದೂರಿದಾಗ ಗೈಡರ್ ಕೊಟ್ಟ ಉತ್ತರದ ತಿರುಳು ಇಷ್ಟು: ಈ ಗೇಮ್ ಎಲ್ಲರಿಗಾಗಿ, ಎಲ್ಲವೂ ತನಗೆಂದೇ ಇರುತ್ತಿದ್ದ ಕಾಲಕ್ಕೆ ಒಗ್ಗಿಹೋದವನಿಗೆ ಹಂಚಿಕೊಳ್ಳುವುದೇ ಅನ್ಯಾಯವಾಗಿ ಕಾಣುತ್ತದೆ. ಉತ್ತರ ಸರಿ. ಆದರೂ ಆ ದೂರಿನಲ್ಲಿ ಒಂದು ಸಣ್ಣ ಸತ್ಯವಿದೆ. ಒಲ್ಲೆ ಎಂದದ್ದಕ್ಕೆ ದಂಡ ಕಟ್ಟಿಸುವುದು ಕೆಟ್ಟ ವಿನ್ಯಾಸ, ಪ್ರಸ್ತಾಪ ಇಟ್ಟವರು ಗಂಡಾಗಲಿ ಹೆಣ್ಣಾಗಲಿ. ಬೇಡದ ಗಮನವನ್ನು ನಯವಾಗಿ ಸರಿಸುವ ಕಿರಿಕಿರಿ ಹೆಂಗಸರಿಗೆ ದಿನನಿತ್ಯದ್ದು. ಅದು ಗೇಮಿನಲ್ಲಿ ಒಂದೇ ಒಂದು ಸಲ ತಮ್ಮ ಪಾಲಿಗೆ ಬಂದದ್ದಕ್ಕೆ ಇಷ್ಟು ದೊಡ್ಡ ಗಲಾಟೆ ಎಂಬುದೂ ಅಷ್ಟೇ ಸತ್ಯ.

ಇತಿಹಾಸದ ವಾದ ಇನ್ನೊಂದು: "ಆ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ." ಪ್ರಾಚೀನ ಗ್ರೀಸಿನ ಬಗ್ಗೆ ಹಾಗೆನ್ನಲು ತುಸು ಧೈರ್ಯ ಬೇಕು. ಪೆಲೊಪೊನೀಸಿಯನ್ ಯುದ್ಧಕಾಲದಲ್ಲಿ ನಡೆಯುವ ಅಸಾಸಿನ್ಸ್ ಕ್ರೀಡ್ ಒಡಿಸ್ಸಿ 2018ರಲ್ಲಿ ಬಂದಾಗ ಯೂಬಿಸಾಫ್ಟ್ ಹೆಮ್ಮೆಯಿಂದಲೇ ಹೇಳಿತ್ತು, ಯಾರನ್ನು ಪ್ರೀತಿಸಬೇಕೆಂಬುದು ನಿಮ್ಮ ಆಯ್ಕೆ ಎಂದು. ಅದರ ನಾಯಕಿ ಕಸ್ಸಾಂಡ್ರಳನ್ನು ಹೆಂಗಸರನ್ನಷ್ಟೇ ಪ್ರೀತಿಸುವವಳಾಗಿ ನೂರಾರು ಗಂಟೆ ಆಡಿದವರಿದ್ದರು. 2019ರ ಜನವರಿಯಲ್ಲಿ ಬಂದ ಹೆಚ್ಚುವರಿ ಕಂತಿನಲ್ಲಿ ಅವಳು ಒಬ್ಬ ಗಂಡಸಿನೊಂದಿಗೆ ಸಂಸಾರ ಹೂಡಿ ಮಗು ಹಡೆಯುತ್ತಾಳೆ. ಏನೇ ಆರಿಸಿದರೂ ಅಷ್ಟೇ. ಸರಣಿಯ ಕಥೆಗೆ ವಂಶದ ಕುಡಿ ಬೇಕಿತ್ತು. ಸಾಲದ್ದಕ್ಕೆ ಆ ಘಟ್ಟ ಮುಗಿಸಿದವರಿಗೆ ಸಿಗುತ್ತಿದ್ದ ಪದಕದ ಹೆಸರೇ 'ಪ್ರಬುದ್ಧರಾದಿರಿ' ಎಂಬರ್ಥದ್ದು. ಯೂಬಿಸಾಫ್ಟ್ ಕ್ಷಮೆ ಕೇಳಿತು, ಪದಕದ ಹೆಸರು ಬದಲಿಸಿತು, ಪ್ರೀತಿಯಿಲ್ಲದೆ ಕರ್ತವ್ಯವೆಂದಷ್ಟೇ ಮಗು ಪಡೆಯುವ ಹಾಗೆ ದೃಶ್ಯ ತಿದ್ದಿತು. ಮಗು ಮಾತ್ರ ಉಳಿಯಿತು. ಹೇರಿಕೆ ಎಂದರೆ ಏನು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ನಿಚ್ಚಳ ಉದಾಹರಣೆ ಇದು. ಹೇರಿದ್ದು ಯಾವ ದಿಕ್ಕಿನಿಂದ ಎಂಬುದನ್ನೂ ನೋಡಿ.

ಇತ್ತ ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರಿನಲ್ಲಿ ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ 377ರ ಕೈಯಿಂದ ಬಿಡಿಸಿತು. 2023ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆ ವರ್ಷವೇ ಆಗಸ್ಟಿನಲ್ಲಿ ಬಂದ ಬಾಲ್ಡರ್ಸ್ ಗೇಟ್ 3ರಲ್ಲಿ ಜೊತೆಗಾರರು ಯಾವ ಲಿಂಗದ ಆಟಗಾರನಿಗೂ ಒಲಿಯುತ್ತಾರೆ, ಸ್ಟೀಮ್ ಅಂಗಡಿಯಲ್ಲಿ ಅದು ಇಲ್ಲಿಯೂ ರೂಪಾಯಿಗೆ ಸಿಗುತ್ತದೆ. ಡಿಸ್ಕ್ ತರಿಸುವ ವಿತರಕನ ಅಂಜಿಕೆಯ ಮೇಲೆ ಈಗ ಮಾರಾಟ ನಿಂತಿಲ್ಲ.

ಉಳಿದದ್ದು "ಮಕ್ಕಳು ಆಡ್ತಾರಲ್ಲ" ಎಂಬ ಕಾಳಜಿ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾಲ್ಡರ್ಸ್ ಗೇಟ್ 3 ಮಕ್ಕಳಿಗಲ್ಲ, ಅದರಲ್ಲಿ ರಕ್ತವೂ ಇದೆ, ಬೆತ್ತಲೆಯೂ ಇದೆ. ನೋಡಬೇಕಾದ್ದು ದೃಶ್ಯ ಎಷ್ಟು ಬಿಚ್ಚಿ ತೋರಿಸುತ್ತದೆ ಎಂಬುದನ್ನು. ಗಂಡು ಹೆಣ್ಣು ಮುತ್ತಿಡುವುದನ್ನು ಹನ್ನೆರಡರ ಮಗು ನೋಡಬಹುದಾದರೆ ಇಬ್ಬರು ಹುಡುಗರ ಮುತ್ತಿಗೆ ಬೇರೆ ವಯಸ್ಸು ಏಕೆ ಎಂದು ಕೇಳಿ, ಬರುವ ಉತ್ತರದಲ್ಲಿ ಮಗು ಎಷ್ಟಿದೆ, ದೊಡ್ಡವರು ಎಷ್ಟಿದ್ದಾರೆ ಎಂದು ಗಮನಿಸಿ. ಗೂಗಲ್ ಪ್ಲೇಯಲ್ಲಿ ಪ್ರತಿ ಗೇಮಿನ ಪುಟದಲ್ಲೂ ವಯಸ್ಸಿನ ಗುರುತು ಇರುತ್ತದೆ. ಹಿಂಸೆ, ಬೆತ್ತಲೆ, ಜೂಜು ಇದ್ದರೆ ಕಾರಣವನ್ನೂ ಅಲ್ಲೇ ನಮೂದಿಸಿರುತ್ತಾರೆ. ಅದನ್ನು ಓದಿದ ಮೇಲೆ ಇನ್ನೆರಡು ಸಂಗತಿ ನೋಡಿ, ಅವು ಆ ಗುರುತಿನಷ್ಟು ಕಣ್ಣಿಗೆ ಬೀಳುವುದಿಲ್ಲ: ಗೇಮಿನೊಳಗೆ ಅಪರಿಚಿತರ ಜೊತೆ ಚಾಟ್ ಮಾಡುವ ವ್ಯವಸ್ಥೆ ಇದೆಯೇ, ಮತ್ತು ನಿಮ್ಮ ಕಾರ್ಡೋ ಯುಪಿಐಯೋ ಆ ಫೋನಿಗೆ ಜೋಡಿಸಿದ್ದರೆ ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ ಮಾಡಿದ್ದೀರಾ.